‘ಜಗದ್ಗುರು’ ಅಂದ್ರೆ ಯಾರು? ಪೀಠದ ಸ್ವಾಮಿಗಳಾ, ವಿಜಯಪುರದ ಬಾದಶಾಹನಾ?

ತೊರವಿ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳು ಊರಿನ ಇತಿಹಾಸದ ಬಗ್ಗೆ ಗೋಡೆ ಪತ್ರಿಕೆ ಮಾಡಿದರು. ಎರಡನೇ ಇಬ್ರಾಹಿಂ ಆದಿಲ್ ಶಾಹನ ಚಿತ್ರ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಜಗದ್ಗುರು ಬಾದಶಾಹ, 1580–1627’ ಅಂತ ಬರೆದರು.

ಇಬ್ಬರು ಪಾಲಕರು ಬಂದು ತಕರಾರು ತೆಗೆದರು. ಒಬ್ಬರು ಮಠದ ಭಕ್ತರು. ‘ಜಗದ್ಗುರು ಅಂದ್ರೆ ಪೀಠದ ಮೇಲೆ ಕೂತ ಸ್ವಾಮಿಗಳು. ದಂಡು ಕಟ್ಟಿಕೊಂಡು ಊರು ಗೆದ್ದ ಅರಸನಿಗೆ ಆ ಮಾತು ಸಲ್ಲೋದಿಲ್ಲ’ ಅಂದರು. ಇನ್ನೊಬ್ಬರು ಮುಸ್ಲಿಂ ಹಿರಿಯರು, ಶಾಲೆಗೆ ಬಹಳ ಬೇಕಾದವರು. ಅವರ ಮಾತೇ ಬೇರೆ. ‘ಅಕ್ಕೋರೆ, ಒಬ್ಬ ಮನುಷ್ಯನನ್ನ ಜಗತ್ತಿನ ಗುರು ಅನ್ನೋದು ನಮ್ಮಲ್ಲಿ ಇಲ್ಲ. ಆದಿಲ್ ಶಾಹ ಅಂತ ಬರೆಸಿ, ಸಾಕು.’

ಇಬ್ಬರೂ ಜಗಳಕ್ಕೆ ಬಂದವರಲ್ಲ. ಇಬ್ಬರ ಮಾತಿನಲ್ಲೂ ತೂಕ ಇದೆ. ಆದರೆ ನಮ್ಮೂರಿನ ಟಾಂಗಾದವರೂ ಆ ಅರಸನನ್ನ ಜಗದ್ಗುರು ಬಾದಶಾಹ ಅಂತಲೇ ಕರೆಯುತ್ತಾರಲ್ಲ. ಅವನ ಕಾಲದಲ್ಲಿ ಈ ಮಾತಿಗೆ ಏನರ್ಥ ಇತ್ತು? ಈಗ ಏನರ್ಥ ಆಗಿದೆ? ತಿಳಿದವರು ಹೇಳಿ. ಮಕ್ಕಳಿಗೆ ನಾನು ಸರಿಯಾದ ಉತ್ತರ ಕೊಡಬೇಕು.

ಗುಮ್ಮಟದ ಹುಡುಗ
ಗೋಳಗುಮ್ಮಟ ಕಟ್ಟಿಸಿದ ರಾಜ ಅಲ್ವಾ ಇವನು? ಈ ಬಿರುದೆಲ್ಲ ಆಮೇಲೆ ಬ್ರಿಟಿಷರ ಕಾಲದಲ್ಲಿ ಹುಟ್ಟಿದ್ದು ಅಂತ ಕೇಳಿದ್ದೆ.

ಹಳೇ ನಾಣ್ಯ
ತಮ್ಮಾ, ಎರಡೂ ತಪ್ಪು. ಗೋಳಗುಮ್ಮಟ ಇವನ ಮಗ ಮಹಮ್ಮದ್ ಆದಿಲ್ ಶಾಹನದು. ಇವನ ಗೋರಿ ಇರೋದು ಇಬ್ರಾಹಿಂ ರೋಜಾದಲ್ಲಿ. ಬ್ರಿಟಿಷರಿಗೂ ಈ ಬಿರುದಿಗೂ ಸಂಬಂಧವೇ ಇಲ್ಲ. 1603ರಲ್ಲಿ ಅಬ್ದುಲ್ ಅನ್ನೋ ಕವಿ ದಖನಿಯಲ್ಲಿ, ಅಂದರೆ ಈ ಭಾಗದ ಹಳೇ ಉರ್ದುವಿನಲ್ಲಿ, ‘ಇಬ್ರಾಹಿಂನಾಮಾ’ ಬರೆದ. ಅದರಲ್ಲೇ ಅರಸನನ್ನ ಜಗತ್‌ಗುರು ಅಂತ ಹೊಗಳಿದ್ದಾನೆ. ಆಗ ಅರಸ ಬದುಕಿದ್ದ, ಪಟ್ಟದ ಮೇಲಿದ್ದ.

ಇನ್ನೊಂದು ವಿಷಯ. ಅವನ ತಾಮ್ರದ ನಾಣ್ಯ ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು. ಒಂದು ಕಡೆ ‘ಇಬ್ರಾಹಿಂ ಅಬಲಾ ಬಲಿ’ ಅಂತ ಇದೆ. ಬಡವರಿಗೆ, ಬಲ ಇಲ್ಲದವರಿಗೆ ಬಲ ಆದವನು ಅಂತ ಅರ್ಥ. ಇನ್ನೊಂದು ಕಡೆ ‘ಗುಲಾಮ್-ಎ-ಮುರ್ತಜಾ ಅಲಿ’, ಹಜರತ್ ಅಲಿಯ ಸೇವಕ ಅಂತ. ಅಕ್ಷರ ಎರಡೂ ಕಡೆ ಫಾರ್ಸಿಯವು. ಒಂದು ಬದಿಯ ಶಬ್ದ ನಮ್ಮ ಕಡೆಯದು, ಇನ್ನೊಂದು ಬದಿಯದು ಅವರ ನಂಬಿಕೆಯದು. ಸಂತೆಯಲ್ಲಿ ಜೋಳ ಕೊಳ್ಳುವವರ ಕೈಯಲ್ಲೂ ಓಡಾಡಿದ ದುಡ್ಡು ಅದು. ಅಂದ ಮೇಲೆ ಇಂಥ ಮಾತು ದರ್ಬಾರಿನ ನಾಲ್ಕು ಗೋಡೆಯೊಳಗೆ ಮಾತ್ರ ಇರಲಿಲ್ಲ.

ಸಿಂದಗಿ ಶರಣ
ಹಳೇ ನಾಣ್ಯ ಸರ್, ಕವಿ ಹೊಗಳಿದ ಅಂತ ಅರಸ ಗುರು ಆಗ್ತಾನಾ? ಅನ್ನ ಹಾಕಿದ ಅರಸನನ್ನ ಹೊಗಳುವುದು ಆಸ್ಥಾನ ಕವಿಯ ಕೆಲಸ.

ನಮ್ಮಲ್ಲಿ ಜಗದ್ಗುರು ಅನ್ನೋದು ಸುಮ್ನೆ ಹೊಗಳಿಕೆ ಅಲ್ಲ. ಅದೊಂದು ಸ್ಥಾನ. ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ, ಹೀಗೆ ಐದು ಪೀಠ. ಪಟ್ಟಕ್ಕೆ ಕ್ರಮ ಇದೆ. ದೀಕ್ಷೆ ಇದೆ, ಶಿಷ್ಯ ಮಠಗಳಿವೆ. ಒಬ್ಬರ ನಂತರ ಒಬ್ಬರು ಬರುತ್ತಾರೆ. ನಮ್ಮ ಮನೆಯಲ್ಲಿ ಲಿಂಗದೀಕ್ಷೆ ಆಗೋದು ಆ ಪರಂಪರೆಯಿಂದ. ಶೃಂಗೇರಿಯಲ್ಲೂ ಹೀಗೆ ಒಂದು ಪರಂಪರೆ. ಇಬ್ರಾಹಿಂ ಯಾರಿಗೆ ದೀಕ್ಷೆ ಕೊಟ್ಟ? ಅವನ ನಂತರ ಆ ಗುರುಪೀಠ ಯಾರಿಗೆ ಹೋಯಿತು? ಯಾರಿಗೂ ಇಲ್ಲ. ಮಗ ಬಂದ, ಅರಸನಾದ, ಅಷ್ಟೇ.

ಅರಸ ಒಳ್ಳೆಯವನಿರಬಹುದು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಮಾತು ಬಳಸುವಾಗ ಭಕ್ತರ ಮನಸ್ಸು ನೋಯುತ್ತೆ ಅನ್ನೋದನ್ನ ಟೀಚರ್ ಗಮನಿಸಬೇಕು.

ತಂಬೂರಿ
ಸಿಂದಗಿಯವರೇ, ದೀಕ್ಷೆ ಕೊಡುವ ಗುರು ಒಬ್ಬರೇ ಗುರು ಅಂತ ಯಾರು ಹೇಳಿದ್ದು? ಸಂಗೀತದವರಿಗೆ ಗುರು ಇಲ್ವಾ? ನಾನು ನೋಡೋದು ಆ ಕಡೆಯಿಂದ.

ಇಬ್ರಾಹಿಂ ‘ಕಿತಾಬ್-ಎ-ನೌರಸ್’ ಅಂತ ಹಾಡಿನ ಪುಸ್ತಕ ಬರೆದಿದ್ದಾನೆ. ದಖನಿ ಭಾಷೆ. ಈಗ ಸಿಗುವ ಪಾಠದಲ್ಲಿ 59 ಹಾಡು, 17 ದೋಹೆ (ಎರಡು ಸಾಲಿನ ಪದ್ಯ) ಇವೆ. ಪ್ರತಿ ಹಾಡಿನ ತಲೆಯ ಮೇಲೆ ರಾಗದ ಹೆಸರು ಇರುತ್ತೆ. ಅದರ ಹಿಂದೆ ಫಾರ್ಸಿಯ ‘ಮಕಾಮ್’ ಅನ್ನೋ ಶಬ್ದ. ಮಕಾಮ್ ಭೂಪಾಲಿ, ಮಕಾಮ್ ಭೈರವ, ಹೀಗೆ. ಹಾಡಿನೊಳಗೆ ಸರಸ್ವತಿ ಬರ್ತಾಳೆ, ಗಣಪತಿ ಬರ್ತಾನೆ, ಶಿವ ಪಾರ್ವತಿ ಬರ್ತಾರೆ, ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜರೂ ಬರ್ತಾರೆ. ಗಣಪತಿ ನನ್ನ ತಂದೆ, ಸರಸ್ವತಿ ನನ್ನ ತಾಯಿ ಅಂತ ಹಾಡ್ತಾನೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ, ಆನೆಗೆ ಆತಿಶ್‌ಖಾನ್. ಇಬ್ಬರ ಮೇಲೂ ಹಾಡಿದೆ.

ಫರ್ರುಖ್ ಬೇಗ್ ಅನ್ನೋ ಚಿತ್ರಕಾರ ಬರೆದ ಚಿತ್ರ ಒಂದಿದೆ, ನೋಡಿ. ಅರಸ ಕೂತು ತಂಬೂರಿ ನುಡಿಸ್ತಿದ್ದಾನೆ. ಕೊರಳಲ್ಲಿ ರುದ್ರಾಕ್ಷಿಯಂಥ ಮಣಿಗಳ ಸರ. ಉಗುರಿಗೆ ಕೆಂಪು ಬಣ್ಣ. ಕತ್ತಿ ಹಿಡಿದು ಕುದುರೆ ಮೇಲೆ ಕೂತ ಸುಲ್ತಾನನ ಚಿತ್ರ ಅಲ್ಲ ಅದು. 1599ರಲ್ಲಿ ಊರಿನ ಪಶ್ಚಿಮಕ್ಕೆ, ತೊರವಿ ಹತ್ರ, ನವರಸಪುರ ಅಂತ ಹೊಸ ಊರನ್ನೇ ಕಟ್ಟಿಸಲು ಹೊರಟ. ಅಲ್ಲಿ ಸಂಗೀತ ಮಹಲು. ನಾಡಿನ ಹಾಡುಗಾರರೆಲ್ಲ ಬಂದು ಸೇರಬೇಕು ಅನ್ನೋ ಆಸೆ ಅವನದು. ಇಂಥವನನ್ನ ಹಾಡುಗಾರರು ಗುರು ಅಂದರೆ ಅದರಲ್ಲಿ ತಪ್ಪೇನು?

ಅದೇ ತೊರವಿಯ ನರಸಿಂಹನ ಸನ್ನಿಧಿಯಲ್ಲೇ ಕುಮಾರ ವಾಲ್ಮೀಕಿ ರಾಮಾಯಣ ಬರೆದದ್ದು. ಆ ಒಂದು ಊರಿನ ಮಣ್ಣಿನಲ್ಲಿ ಏನೇನಿದೆ ನೋಡಿ!

ಇಂಡಿ ನಿಂಬಿ
ಸಂಗೀತ ಮಹಲು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ದೊಡ್ಡ ಕಮಾನು ನಮ್ಮ ಗಗನ ಮಹಲಿನ ಕಮಾನಿನ ಹಾಗೇ ಇದೆ. ಗಗನ ಮಹಲಿಗೆ ಜನ ಬರ್ತಾರೆ. ಅಲ್ಲಿಗೆ ಯಾರೂ ಹೋಗಲ್ಲ.

ಕೋಟೆ ಕೆರೆ
ನಾನು ಬೆಳಗಾವಿಯವನು. ನಮ್ಮ ಕೋಟೆಯ ಕತೆಯನ್ನೂ ಸ್ವಲ್ಪ ಕೇಳಿ. ಈ ಜಗದ್ಗುರುವಿನ ಸ್ವಂತ ತಮ್ಮ ಇಸ್ಮಾಯಿಲ್ ಬೆಳಗಾವಿ ಕೋಟೆಯಲ್ಲಿ ಸೆರೆ ಇದ್ದ. 1594ರ ಹೊತ್ತಿಗೆ ದಂಗೆ ಎದ್ದ, ಸೋತ, ಕೊಂದರು. ಅದಕ್ಕೂ ಮುಂಚೆ, ಹುಡುಗ ಅರಸನ ಹೆಸರಲ್ಲಿ ರಾಜ್ಯ ಆಳಿದ ದಿಲಾವರ್ ಖಾನನ ಕಣ್ಣು ತೆಗೆಸಿದ್ದೂ ಇದೇ ಇಬ್ರಾಹಿಂ. 1619ರಲ್ಲಿ ಬೀದರ್ ನುಂಗಿದ್ದೂ ಇವನೇ. ತಂಬೂರಿ ಒಂದೇ ತೋರಿಸಬೇಡಿ. ಮಕ್ಕಳಿಗೆ ಪೂರ್ತಿ ಹೇಳಿ.

ತಂಬೂರಿ
ಆ ಕಾಲದ ಯಾವ ಅರಸನ ಮನೆಯಲ್ಲಿ ಇದು ನಡೆದಿಲ್ಲ ಸರ್? ತಮ್ಮನನ್ನ ಬಿಟ್ಟಿದ್ದರೆ ತಮ್ಮ ಇವನನ್ನ ಬಿಡ್ತಿರಲಿಲ್ಲ.

ಕೋಟೆ ಕೆರೆ
ಅದನ್ನೇ ನಾನೂ ಹೇಳ್ತಿರೋದು. ಎಲ್ಲ ಅರಸರ ಹಾಗೇ ಇವನೂ ಅರಸ. ಹಾಗಾದ್ರೆ ‘ಗುರು’ ಯಾಕೆ?

ಚಾಂದ ಬಾವಡಿ
ಎಲ್ಲರೂ ಮಠದ ಕಡೆಯಿಂದ, ಸಂಗೀತದ ಕಡೆಯಿಂದ ಮಾತಾಡ್ತಿದ್ದೀರಿ. ಟೀಚರ್ ಹೇಳಿದ ಆ ಹಿರಿಯರ ತಕರಾರನ್ನ ಯಾರೂ ಮುಟ್ಟಿಲ್ಲ. ನಾನು ಮುಸ್ಲಿಂ, ವಿಜಯಪುರದಲ್ಲೇ ಹುಟ್ಟಿ ಬೆಳೆದವಳು. ಆ ತಕರಾರು ಇವತ್ತು ಹುಟ್ಟಿದ್ದಲ್ಲ. ಇಬ್ರಾಹಿಂ ಬದುಕಿದ್ದಾಗಲೇ ಇತ್ತು.

1590ರ ದಶಕದಲ್ಲಿ ಷಾ ಸಿಬ್ಘತುಲ್ಲಾ ಅನ್ನೋ ಸೂಫಿ ಗುಜರಾತ್ ಕಡೆಯಿಂದ ಇಲ್ಲಿಗೆ ಬಂದರು. ಅರಸನ ನಡತೆ ಸರಿಯಿಲ್ಲ ಅಂತ ನೇರವಾಗಿ ಹೇಳಿದರು. ಕೊನೆಗೆ ಅವರು ಈ ಊರು ಬಿಟ್ಟು ಅರಬ್ ದೇಶಕ್ಕೆ ಹೋಗಬೇಕಾಯಿತು. ಅರಸ ಹಿಂದೂ ಆಗಿಬಿಟ್ಟಿದ್ದಾನೆ ಅನ್ನೋ ಗುಲ್ಲೂ ಎದ್ದಿತ್ತು.

ಈಗ ಇಬ್ರಾಹಿಂ ರೋಜಾಕ್ಕೆ ಹೋಗಿ. ಗೋಡೆ ತುಂಬ ಕಲ್ಲಿನಲ್ಲಿ ಕೆತ್ತಿದ ಅರಬಿ ಬರಹ. ಎಲ್ಲರೂ ‘ಎಷ್ಟು ಚಂದ ಕೆತ್ತಿದ್ದಾರೆ’ ಅಂತ ಫೋಟೋ ತೆಗೆದು ಹೋಗ್ತಾರೆ. ಅಲ್ಲಿರುವ ಕುರಾನ್ ವಾಕ್ಯಗಳಲ್ಲಿ ಒಂದು 3ನೇ ಅಧ್ಯಾಯದ 67ನೇ ವಾಕ್ಯ. ಪ್ರವಾದಿ ಇಬ್ರಾಹಿಮರ ಬಗ್ಗೆ ಇರುವಂಥದ್ದು. ಇಬ್ರಾಹಿಂ ಯಹೂದಿಯೂ ಅಲ್ಲ, ಕ್ರೈಸ್ತನೂ ಅಲ್ಲ, ದೇವರಿಗೆ ಶರಣಾದ ಮುಸ್ಲಿಂ, ಮೂರ್ತಿ ಪೂಜಿಸುವವರಲ್ಲಿ ಒಬ್ಬನಲ್ಲ ಅನ್ನೋದು ಅದರ ಅರ್ಥ. ಅರಸನ ಹೆಸರೂ ಇಬ್ರಾಹಿಂ. ಕುರಾನಿನಲ್ಲಿ ಸಾವಿರಾರು ವಾಕ್ಯ ಇರುವಾಗ ಈ ಗೋರಿಗೆ ಇದನ್ನೇ ಯಾಕೆ ಆರಿಸಿದರು? ಊರಿನ ಗುಲ್ಲಿಗೆ ಕಲ್ಲಿನಲ್ಲಿ ಉತ್ತರ ಕೊಟ್ಟಿದ್ದಾರೆ ಅಂತ ಬರೆದ ವಿದ್ವಾಂಸರಿದ್ದಾರೆ. ನನಗೂ ಹಾಗೇ ಅನಿಸುತ್ತೆ.

ಹಾಗಾಗಿ ಟೀಚರ್, ಒಂದು ಕಡೆ ಜಗದ್ಗುರು, ಇನ್ನೊಂದು ಕಡೆ ಆ ವಾಕ್ಯ. ಎರಡೂ ಅವನದೇ. ಒಂದನ್ನ ಅಳಿಸಿ ಇನ್ನೊಂದನ್ನ ಇಡಬೇಡಿ.

ಗುಮ್ಮಟದ ಹುಡುಗ
ಅಕ್ಕಾ, ನಮ್ಮ ಮನೆ ರೋಜಾದ ಹತ್ರಾನೇ. ಅಲ್ಲೇ ಆಡಿ ಬೆಳೆದವನು. ಇದು ಇವತ್ತೇ ಗೊತ್ತಾಗಿದ್ದು. ಯಾವ ಗೈಡೂ ಹೇಳಲ್ಲ.

ಬಾದಾಮಿ ಬಂಡೆ
ಚಾಂದ ಬಾವಡಿಯವರ ಮಾತು ಚಿನ್ನ.

ನಾನು ಇನ್ನೂ ಹಿಂದಕ್ಕೆ ಹೋಗ್ತೇನೆ. ‘ಜಗತ್ತು’ ಅನ್ನೋ ಶಬ್ದ ಅರಸರ ಬಿರುದಿನಲ್ಲಿ ಬರೋದು ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರನ್ನ ನೋಡಿ. ಎರಡನೇ ಜಯಸಿಂಹ ಜಗದೇಕಮಲ್ಲ. ಒಂದನೇ ಸೋಮೇಶ್ವರ ತ್ರೈಲೋಕ್ಯಮಲ್ಲ. ಎರಡನೇ ಸೋಮೇಶ್ವರ ಭುವನೈಕಮಲ್ಲ. ಆರನೇ ವಿಕ್ರಮಾದಿತ್ಯ, 1076ರಿಂದ 1126ರವರೆಗೆ ಆಳಿದವನು, ತ್ರಿಭುವನಮಲ್ಲ. ಅವನ ಮಗ ಮೂರನೇ ಸೋಮೇಶ್ವರನಂತೂ ಮಲ್ಲನ ಜೊತೆಗೆ ಸರ್ವಜ್ಞ ಅನ್ನೋ ಬಿರುದನ್ನೂ ಹೊತ್ತ. ‘ಮಾನಸೋಲ್ಲಾಸ’ ಬರೆದವನು. ಅಡುಗೆ, ಆನೆ, ಸಂಗೀತ, ರಾಜ್ಯಭಾರ ಎಲ್ಲ ಅದರಲ್ಲಿದೆ. ಅಂದರೆ ಗೆದ್ದವನು ಅನ್ನಿಸಿಕೊಂಡರೆ ಸಾಲದು, ಬಲ್ಲವನು ಅನ್ನಿಸಿಕೊಳ್ಳಬೇಕು ಅನ್ನೋ ಆಸೆ ಈ ಭಾಗದ ಅರಸರಿಗೆ ಮೊದಲಿಂದಲೂ ಇತ್ತು.

ಇಬ್ರಾಹಿಂ ಅದೇ ದಾರಿಯಲ್ಲಿ ಬಂದವನು. ಅವನದೇ ಕಾಲದಲ್ಲಿ ದಿಲ್ಲಿ ಕಡೆ ಏನಾಯಿತು? 1605ರಲ್ಲಿ ಪಟ್ಟಕ್ಕೆ ಬಂದವನು ಜಹಾಂಗೀರ್ ಅಂತ ಹೆಸರಿಟ್ಟುಕೊಂಡ. ಜಗತ್ತನ್ನ ಹಿಡಿದವನು! ಅವನು ಹಿಡಿದವನು, ನಮ್ಮವನು ಕಲಿಸುವವನು. ಮೊಗಲರು 1600ರಲ್ಲೇ ಅಹಮದ್‌ನಗರ ಕೋಟೆ ತಗೊಂಡು ಪಕ್ಕಕ್ಕೇ ಬಂದಿದ್ದರು. ಅಂಥ ಹೊತ್ತಿನಲ್ಲಿ ಈ ಬಿರುದು ಸುಮ್ನೆ ಇಟ್ಟುಕೊಂಡದ್ದಲ್ಲ. ಅದರಲ್ಲಿ ರಾಜಕೀಯ ಇದೆ.

ಹಳೇ ನಾಣ್ಯ
ಒಳಗಿನ ರಾಜಕೀಯವೂ ಇದೆ. ದರ್ಬಾರಿನಲ್ಲಿ ಎರಡು ಬಣ. ಇರಾನ್ ಕಡೆಯಿಂದ ಬಂದವರು ಆಫಾಕಿಗಳು, ಇಲ್ಲಿನವರು ದಖನಿಗಳು. ಒಂದನೇ ಇಬ್ರಾಹಿಂ ಕಾಲದಲ್ಲೇ ಲೆಕ್ಕಪತ್ರ ಫಾರ್ಸಿ ಬಿಟ್ಟು ಇಲ್ಲಿನ ಹಿಂದವಿ ಭಾಷೆಗೆ ಬಂತು, ಬರೆಯುವ ಕೆಲಸ ಬ್ರಾಹ್ಮಣರ ಕೈಗೆ ಹೋಯಿತು ಅಂತ ಫೆರಿಶ್ತಾ ಬರೆದಿದ್ದಾನೆ. ಈ ಫೆರಿಶ್ತಾ ನಮ್ಮ ಎರಡನೇ ಇಬ್ರಾಹಿಂನ ಆಶ್ರಯದಲ್ಲಿ ಕೂತು ಇತಿಹಾಸ ಬರೆದವನು. ಇಲ್ಲಿನ ದೇಸಾಯಿ, ನಾಯಕವಾಡಿ, ಕುಲಕರ್ಣಿಗಳ ಮೇಲೆ ರಾಜ್ಯ ನಿಂತಿರುವಾಗ ಅವರ ಕಿವಿಗೆ ಒಗ್ಗುವ ಬಿರುದು ಬೇಕಲ್ವಾ? ಫಾರ್ಸಿಯ ಬಿರುದು ಹಳ್ಳಿಯಲ್ಲಿ ಯಾರಿಗೆ ಅರ್ಥ ಆಗ್ತಿತ್ತು?

ಸಿಂದಗಿ ಶರಣ
ಅಂದರೆ ನೀವೇ ಒಪ್ಪಿಕೊಂಡ ಹಾಗಾಯಿತು. ಜನರನ್ನ ಒಲಿಸಿಕೊಳ್ಳೋಕೆ ಮಠದ ಮಾತನ್ನ ಅರಸ ತಗೊಂಡ.

ಬಾದಾಮಿ ಬಂಡೆ
ಮಠದ ಮಾತು ಅಂತ ಯಾಕೆ ಅಂತೀರಿ? ‘ಕೃಷ್ಣಂ ವಂದೇ ಜಗದ್ಗುರುಂ’ ಅಂತ ಶಾಲೆ ಮಕ್ಕಳಿಗೂ ಬಾಯಿಪಾಠ. ಅದು ಕೃಷ್ಣನಿಗೆ. ಕೃಷ್ಣ ಯಾವ ಪೀಠದಲ್ಲಿದ್ದ? ಅವನೂ ಅರಸರ ಮನೆಯವನೇ, ತೇರು ಓಡಿಸಿದವನು.

ಇಂಡಿ ನಿಂಬಿ
ಈ ಮಾತಿಗೆ ಸಂಬಂಧ ಇಲ್ಲ, ಆದ್ರೂ ಹೇಳ್ತೀನಿ. ಇದೇ ಇಬ್ರಾಹಿಂ ಹತ್ರ ಅಕ್ಬರನ ರಾಯಭಾರಿ ಅಸದ್ ಬೇಗ್ ಬಂದಿದ್ದ. ಇಬ್ರಾಹಿಂನ ಮಗಳನ್ನ ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟರಲ್ಲ, ಆಗ. ವಾಪಸ್ ಹೋಗುವಾಗ ಇಲ್ಲಿಂದ ತಂಬಾಕು ತಗೊಂಡು ಹೋಗಿ ಅಕ್ಬರನಿಗೆ ತೋರಿಸಿದ. ನಮ್ಮೂರ ಪೇಟೆ ನೋಡಿ ಬೆರಗಾಗಿ ಬರೆದಿದ್ದಾನೆ.

ಗುಮ್ಮಟದ ಹುಡುಗ
ಏನು, ದಿಲ್ಲಿಗೆ ತಂಬಾಕು ಕಲಿಸಿದ್ದು ನಾವಾ?

ಕೋಟೆ ಕೆರೆ
ನಿಪ್ಪಾಣಿಯವರಿಗೆ ಹೇಳಬೇಡಿ, ತಮ್ಮದೇ ಅಂತಾರೆ.

ನಿರ್ವಾಹಕರು
ತಂಬಾಕಿಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ವಿಷಯಕ್ಕೆ ಬನ್ನಿ.

ಮೂಡಲಗಿ ಮಾಸ್ತರ
ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಸಿಂದಗಿ ಶರಣರಿಗೆ ಒಂದು ಪ್ರಶ್ನೆ. ಶಿರಹಟ್ಟಿ ನಿಮಗೆ ಗೊತ್ತೇ ಇರಬೇಕು. ಗದಗ ಜಿಲ್ಲೆಯದು, ನಮ್ಮ ಕಡೆಯ ಭಕ್ತರು ಸಾಕಷ್ಟು ಹೋಗುತ್ತಾರೆ. ಅಲ್ಲಿನ ಪೀಠದವರನ್ನ ಏನಂತ ಕರೆಯುತ್ತಾರೆ? ‘ಜಗದ್ಗುರು ಫಕೀರ ಸಿದ್ಧರಾಮ ಮಹಾಸ್ವಾಮಿಗಳು’ ಅಂತ. ಜಗದ್ಗುರು, ಫಕೀರ, ಎರಡೂ ಒಂದೇ ಉಸಿರಿನಲ್ಲಿ! ಆಮಂತ್ರಣ ಪತ್ರಿಕೆಯಲ್ಲಿ ಹಾಗೇ ಅಚ್ಚಾಗುತ್ತೆ. ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ.

ಮಠದವರು ಹೇಳುವ ಐತಿಹ್ಯ ಹೀಗಿದೆ. ವಿಜಯಪುರದ ಸೂಫಿ ಖ್ವಾಜಾ ಅಮೀನುದ್ದೀನರ ಆಶೀರ್ವಾದದಿಂದ ಲಿಂಗಾಯತ ದಂಪತಿಗೆ ಮಗು ಹುಟ್ಟಿತು. ಕೊಟ್ಟ ಮಾತಿನಂತೆ ಮಗುವನ್ನ ಅವರಿಗೇ ಒಪ್ಪಿಸಿದರು. ಆ ಮಗುವೇ ಮುಂದೆ ಫಕೀರೇಶ್ವರ. ಅಮೀನುದ್ದೀನರು ತೀರಿಕೊಂಡದ್ದು 1675ರಲ್ಲಿ. ಅಂದರೆ ಇಬ್ರಾಹಿಂ ಸತ್ತು ಸುಮಾರು ಐವತ್ತು ವರ್ಷದ ಮಾತು. ಅದೇ ಊರು, ಅದೇ ಗಾಳಿ.

ನಮ್ಮ ಗೋಕಾಕ ತಾಲೂಕಿನ ಸಾವಳಗಿಯಲ್ಲೂ ಹಾಗೇ. ಶಿವಲಿಂಗೇಶ್ವರರಿಗೂ ಬಂದೇನವಾಜರಿಗೂ ಸ್ನೇಹ ಇತ್ತು ಅಂತ ಜನ ಕತೆ ಹೇಳುತ್ತಾರೆ. ಅಲ್ಲೂ ಪೀಠದವರು ಜಗದ್ಗುರುಗಳು. ಹಾಗಾಗಿ ಈ ಮಾತು ಒಂದೇ ಕಡೆಯವರದು ಅನ್ನೋದನ್ನ ನಮ್ಮ ಮಠಗಳೇ ಒಪ್ಪುವುದಿಲ್ಲ.

ಸಿಂದಗಿ ಶರಣ
ಮಾಸ್ತರೇ, ಶಿರಹಟ್ಟಿಗೆ ನಾನೂ ಹೋಗಿದ್ದೇನೆ. ಗದ್ದುಗೆಗೆ ಹಣೆ ಹಚ್ಚಿ ಬಂದಿದ್ದೇನೆ. ಆದರೆ ನೋಡಿ, ಫಕೀರೇಶ್ವರರು ಗುರು ಪರಂಪರೆಯವರು. ಜೋಳಿಗೆ ಹಿಡಿದವರು. ಹಿಂದೂ ಮುಸ್ಲಿಂ ಅನ್ನೋದು ನನ್ನ ತಕರಾರೇ ಅಲ್ಲ. ಗುರುವಾ, ಅರಸನಾ ಅನ್ನೋದು ನನ್ನ ಪ್ರಶ್ನೆ. ಬಂದೇನವಾಜರನ್ನ ಜಗದ್ಗುರು ಅನ್ನಿ, ನಾನೂ ಕೈ ಮುಗಿಯುತ್ತೇನೆ. ಅಮೀನುದ್ದೀನರನ್ನ ಅನ್ನಿ, ಮುಗಿಯುತ್ತೇನೆ. ಖಜಾನೆ, ದಂಡು, ಸೆರೆಮನೆ ಇಟ್ಟುಕೊಂಡವನಿಗೆ ಮುಗಿಯಲ್ಲ.

ನಮ್ಮ ಸಿಂದಗಿ ಕಡೆಯ ಕೋರವಾರದಲ್ಲಿ ಹುಟ್ಟಿದ ತೋಂಟದ ಸಿದ್ಧಲಿಂಗ ಶ್ರೀಗಳನ್ನ ಜನ ‘ಕನ್ನಡದ ಜಗದ್ಗುರು’ ಅಂದರು. ಗೋಕಾಕ್ ಚಳವಳಿಯಲ್ಲಿ ನಿಂತರು, ಗದಗಿನಲ್ಲಿ ಕೂತು ಪುಸ್ತಕ ಮಾಡಿಸಿದರು. 2018ರಲ್ಲಿ ಲಿಂಗೈಕ್ಯರಾದಾಗ ನಾವು ಅತ್ತಿದ್ದು ಆ ಬಿರುದಿಗಾಗಿ ಅಲ್ಲ. ಅವರು ಮಾಡಿದ ಕೆಲಸಕ್ಕಾಗಿ.

ಚಾಂದ ಬಾವಡಿ
ಶರಣರೇ, ಈ ಮಾತು ಮೊದಲೇ ಹೇಳಿದ್ದರೆ ಅರ್ಧ ಜಗಳ ಇರ್ತಿರಲಿಲ್ಲ. ‘ಗುರುವಾ ಅರಸನಾ’ ಅನ್ನೋದು ನ್ಯಾಯವಾದ ಪ್ರಶ್ನೆ.

ಬಾಗೇವಾಡಿ ಬಸವ
ನಾನು ಸ್ವಲ್ಪ ಖಾರವಾಗೇ ಹೇಳ್ತೇನೆ. ಐದು ಪೀಠದವರಿಗೆ ಜಗದ್ಗುರು ಅನ್ನೋದನ್ನ ಎಲ್ಲ ಲಿಂಗಾಯತರೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ. ನಮಗೆ ಗುರು ಬಸವಣ್ಣ. ಅವನೇ ವಿಶ್ವಗುರು. ಹುಟ್ಟಿದ್ದು ನಮ್ಮ ಬಾಗೇವಾಡಿ, ಐಕ್ಯ ಆಗಿದ್ದು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮ. 2024ರ ಜನವರಿಯಲ್ಲಿ ಸರ್ಕಾರ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಬಸವಣ್ಣ ಸ್ವತಃ ಬಿಜ್ಜಳನ ಭಂಡಾರಿ, ಅರಮನೆಯ ಕೆಲಸದಲ್ಲಿದ್ದವನು. ಸಿಂಹಾಸನದ ಮೇಲೆ ಕೂರಲಿಲ್ಲ. ಅಡ್ಡಪಲ್ಲಕ್ಕಿ ಹತ್ತಲಿಲ್ಲ. ಜನರ ಹೆಗಲ ಮೇಲೆ ಹೋಗುವವರನ್ನ ಗುರು ಅನ್ನಲು ನನಗೆ ಮನಸ್ಸು ಬರಲ್ಲ.

ಸಿಂದಗಿ ಶರಣ
ಅಡ್ಡಪಲ್ಲಕ್ಕಿ ಭಕ್ತರ ಸೇವೆ. ಯಾರೂ ಒತ್ತಾಯ ಮಾಡಿ ಹೊರಿಸಿಲ್ಲ.

ಬಾಗೇವಾಡಿ ಬಸವ
ಭಕ್ತ ಹೊರುತ್ತೇನೆ ಅಂದರೂ ಗುರು ಬೇಡ ಅನ್ನಬೇಕು.

ಸಿಂದಗಿ ಶರಣ
ನಿಮ್ಮ ಊರಿನ ಹೆಣ್ಣುಮಕ್ಕಳನ್ನ ಕೇಳಿ, ಪಲ್ಲಕ್ಕಿ ಬಂದ ದಿನ ಆರತಿ ಹಿಡಿದು ಯಾಕೆ ನಿಲ್ಲುತ್ತಾರೆ ಅಂತ.

ನಿರ್ವಾಹಕರು
ವೀರಶೈವ–ಲಿಂಗಾಯತ ಚರ್ಚೆ ಈಗಾಗಲೇ ಬೇರೆ ಕಡೆ ನಡೆದಿದೆ. ಇಲ್ಲಿ ಮತ್ತೆ ಬೇಡ. ಬಸವ ಅವರೇ, ನಿಮ್ಮ ‘ವಿಶ್ವಗುರು’ ಮಾತು ವಿಷಯಕ್ಕೆ ಹತ್ತಿರ ಇದೆ, ಆದ್ದರಿಂದ ಉಳಿಸಿದ್ದೇನೆ.

ಘಟಪ್ರಭಾ
ವಿಶ್ವಗುರು ಈಗ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ! ಭಾರತ ವಿಶ್ವಗುರು ಆಗಬೇಕು ಅಂತ ಚುನಾವಣೆ ಭಾಷಣದಲ್ಲಿ ಕೇಳ್ತೀವಿ. ಒಂದು ಕಡೆ ಬಸವಣ್ಣ, ಇನ್ನೊಂದು ಕಡೆ ದೇಶ. ನಮ್ಮ ಕಣ್ಣೆದುರಿಗೇ ಒಂದು ಧರ್ಮದ ಮಾತು ರಾಜಕೀಯದ ಮಾತಾಗ್ತಿದೆ. ಹಾಗಿರುವಾಗ 1600ರಲ್ಲಿ ಹೇಗೆ ಆಯಿತು ಅಂತ ಯಾಕೆ ಆಶ್ಚರ್ಯ?

ಟಿಪ್ಪುವಿನದನ್ನೂ ಸೇರಿಸಿಕೊಳ್ಳಿ. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠ ಲೂಟಿ ಮಾಡಿತು. ಆಮೇಲೆ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲೇ ಪತ್ರ ಬರೆದ. ನೀವು ಜಗದ್ಗುರುಗಳು, ಲೋಕಕ್ಕೆ ಒಳ್ಳೆಯದಾಗಲಿ ಅಂತ ತಪಸ್ಸು ಮಾಡುವವರು ಅನ್ನೋ ಅರ್ಥದ ಮಾತು ಅದರಲ್ಲಿದೆ. 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ಆ ಪತ್ರಗಳು ಸಿಕ್ಕವು. ಒಬ್ಬ ಸುಲ್ತಾನ ಜಗದ್ಗುರು ಅನ್ನಿಸಿಕೊಂಡ, ಇನ್ನೊಬ್ಬ ಸುಲ್ತಾನ ಇನ್ನೊಬ್ಬರನ್ನ ಜಗದ್ಗುರು ಅಂದ.

ಕೋಟೆ ಕೆರೆ
ಆ ಹೊತ್ತಿಗೆ ಟಿಪ್ಪುವಿನ ಮೇಲೆ ಮೂರು ಕಡೆಯಿಂದ ದಂಡು ಬಂದಿತ್ತು. ಜಪ ಮಾಡಿ ಅಂತ ಕೇಳಿದ. ಕಷ್ಟಕಾಲದ ಭಕ್ತಿ ಅದು.

ಘಟಪ್ರಭಾ
ಕಷ್ಟಕಾಲದಲ್ಲಿ ಯಾರನ್ನ ನೆನೆಸಿಕೊಂಡ ಅನ್ನೋದೂ ಮುಖ್ಯ ಅಲ್ವಾ ಸರ್?

ಭೋಜದ ಮಗಳು
ನಾನು ಬೆಳಗಾವಿ ಜಿಲ್ಲೆಯ ಜೈನ ಮನೆಯವಳು. ನಮ್ಮ ಕಡೆಯದನ್ನೂ ಒಂದು ಮಾತು ಹೇಳ್ತೇನೆ. ಅಕ್ಬರ್ 1580ರ ದಶಕದಲ್ಲಿ ಹೀರವಿಜಯ ಸೂರಿ ಅನ್ನೋ ಶ್ವೇತಾಂಬರ ಆಚಾರ್ಯರನ್ನ ಫತೇಪುರ ಸಿಕ್ರಿಗೆ ಕರೆಸಿದ. ಅವರ ಮಾತು ಕೇಳಿ ಕೆಲವು ದಿನ ಪ್ರಾಣಿವಧೆ ನಿಲ್ಲಿಸಿದ. ‘ಜಗದ್ಗುರು’ ಅಂತ ಬಿರುದು ಕೊಟ್ಟ. ಅದೇ ದಶಕದಲ್ಲಿ ವಿಜಯಪುರದಲ್ಲಿ ಇಬ್ರಾಹಿಂ ಪಟ್ಟಕ್ಕೆ ಬಂದ, ಇನ್ನೂ ಚಿಕ್ಕ ಹುಡುಗ. ಅಲ್ಲಿ ಬಾದಶಾಹ ಬಿರುದು ಕೊಡುವವನು. ಇಲ್ಲಿ ಬಾದಶಾಹನೇ ತಗೊಂಡವನು.

ನಮ್ಮ ದಿಗಂಬರ ಮುನಿಗಳಿಗೆ ಜಗದ್ಗುರು ಅನ್ನಲ್ಲ. ಆದರೆ ಏನಂತೀವಿ ಗೊತ್ತಾ? ಮುನಿ ಮಹಾರಾಜ. ನಮ್ಮ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರು. ಅವರ ಬಿರುದು ‘ಚಾರಿತ್ರ ಚಕ್ರವರ್ತಿ’. ಮೈಮೇಲೆ ಬಟ್ಟೆ ಇಲ್ಲ. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲ. ದಿನಕ್ಕೆ ಒಂದೇ ಹೊತ್ತು, ಅದೂ ನಿಂತುಕೊಂಡು ಅಂಗೈಯಲ್ಲಿ ಊಟ. ಅವರನ್ನ ನಾವು ಚಕ್ರವರ್ತಿ ಅಂತೀವಿ. ಆಗ ಯಾವ ಅರಸನೂ ಬಂದು ‘ನಮ್ಮ ಮಾತು ಕದ್ದಿರಿ’ ಅನ್ನಲಿಲ್ಲ.

ಮೂಡಲಗಿ ಮಾಸ್ತರ
ಭಲೇ ತಂಗೀ! ಇದನ್ನೇ ಹುಡುಕುತ್ತಿದ್ದೆ. ಶರಣರೇ, ನೀವು ಹೇಳಿದ ಐದು ಪೀಠಗಳ ಹೆಸರನ್ನೇ ನೋಡಿ. ರಂಭಾಪುರಿಯದು ವೀರ ಸಿಂಹಾಸನ, ಉಜ್ಜಯಿನಿಯದು ಸದ್ಧರ್ಮ ಸಿಂಹಾಸನ, ಕಾಶಿಯದು ಜ್ಞಾನ ಸಿಂಹಾಸನ. ಸಿಂಹಾಸನ, ಕಿರೀಟ, ಛತ್ರ, ಚಾಮರ, ಪಟ್ಟಾಭಿಷೇಕ, ಇವೆಲ್ಲ ಯಾರ ಮನೆಯವು? ಅರಮನೆಯವು. ಮಠ ಅರಮನೆಯಿಂದ ಇಷ್ಟು ತಗೊಂಡಿರುವಾಗ, ಅರಮನೆ ಮಠದಿಂದ ಒಂದು ಶಬ್ದ ತಗೊಂಡರೆ ಯಾಕೆ ಬೇಸರ? ಗದ್ದುಗೆ ಅನ್ನಿ, ಅರಸನಿಗೂ ಅದೇ, ಸ್ವಾಮಿಗಳಿಗೂ ಅದೇ.

ಸಿಂದಗಿ ಶರಣ
ಮಾಸ್ತರೇ, ಈ ಮಾತಿಗೆ ನನ್ನ ಹತ್ರ ತಟ್ಟನೆ ಉತ್ತರ ಇಲ್ಲ. ಆದರೂ ನನ್ನ ಮನಸ್ಸು ಒಪ್ಪಲ್ಲ. ಸಿಂಹಾಸನದ ಮೇಲೆ ಕೂತರೂ ಸ್ವಾಮಿಗಳು ಯಾರನ್ನೂ ಸೆರೆಗೆ ಹಾಕಿಲ್ಲ.

ಇಳಕಲ್ ಸೆರಗು
ನಿಜವಾದ ಗುರುವಿಗೆ ಬಿರುದೇ ಬೇಡ ಅಂತ ನನಗನಿಸುತ್ತೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ದೇಶ್ವರ ಅಪ್ಪಾರನ್ನ ನೆನೆಸಿಕೊಳ್ಳಿ. ಬಿಳಿ ಅಂಗಿ, ಅದಕ್ಕೆ ಕಿಸೆಯೇ ಇಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟಾಗ ಬೇಡ ಅಂದರು. 2023ರ ಜನವರಿ 2ರಂದು ಹೋದರು. ನನಗೆ ಗುಡಿ, ಸ್ಮಾರಕ ಏನೂ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. ಜನ ಮಾತ್ರ ರಸ್ತೆ ತುಂಬ. ನಮ್ಮ ಇಳಕಲ್ಲಿನ ಮಹಾಂತ ಅಪ್ಪಾರೂ ಹಾಗೇ. ಮನೆ ಮನೆಗೆ ಜೋಳಿಗೆ ಹಿಡಿದು ಹೋಗಿ, ಅದರಲ್ಲಿ ಜನರ ಕುಡಿತ, ಬೀಡಿ, ಗುಟ್ಕಾ ಹಾಕಿಸಿಕೊಂಡು ಬಂದರು. ನನ್ನ ಸೋದರಮಾವ ಕುಡಿತ ಬಿಟ್ಟದ್ದು ಆ ಜೋಳಿಗೆಯಿಂದ. ನಮ್ಮ ಮನೆಯಲ್ಲಿ ಅವರಿಗೆ ಅಪ್ಪಾರು ಅಂತಷ್ಟೇ ಅಂತೀವಿ.

ಬಾಗೇವಾಡಿ ಬಸವ
ಅಕ್ಕಾರೆ, ನೂರಕ್ಕೆ ನೂರು.

ಹಳೇ ನಾಣ್ಯ
ಅದು ಅವರ ದೊಡ್ಡತನ, ಒಪ್ಪಿದೆ. ಆದರೆ ಟೀಚರ್ ಕೇಳಿದ್ದು ಯಾರು ದೊಡ್ಡವರು ಅಂತ ಅಲ್ಲ. 1600ರ ಆಸುಪಾಸಿನ ಒಂದು ಬಿರುದಿನ ಅರ್ಥ ಏನು ಅಂತ. ಇತಿಹಾಸ ಬರೆಯುವಾಗ, ಅವನನ್ನ ಯಾರು ಏನಂತ ಕರೆದರು ಅನ್ನೋದನ್ನ ನಾವು ಬದಲಾಯಿಸೋಕೆ ಬರಲ್ಲ. ಮೈಸೂರು ಹುಲಿ ಅಂತೀವಿ, ಹುಲಿ ಅಲ್ಲ ಅಂತ ಅಳಿಸ್ತೀವಾ?

ತೊರವಿ ಟೀಚರ್
ಎಲ್ಲರಿಗೂ ಬಹಳ ಧನ್ಯವಾದ. ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಹಾಳೆ ತೆಗೆಸುತ್ತಿಲ್ಲ. ‘ಜಗದ್ಗುರು ಬಾದಶಾಹ’ ಅನ್ನೋದರ ಪಕ್ಕ, ಹಾಗೆ ಕರೆದವರು ಯಾರು, ಯಾವ ವರ್ಷ ಅಂತ ಸೇರಿಸುತ್ತೇವೆ. ರೋಜಾದ ಆ ವಾಕ್ಯ, ಬೆಳಗಾವಿಯ ತಮ್ಮನ ಕತೆ, ಎರಡೂ ಬರಬೇಕು. ಇಬ್ಬರು ಪಾಲಕರನ್ನೂ ಕರೆದು ಮಕ್ಕಳ ಮುಂದೆ ಅವರವರ ಮಾತು ಹೇಳಿಸುತ್ತೇನೆ. ಕೇಳಿದೆ, ಇಬ್ಬರೂ ಬರುತ್ತೇನೆ ಅಂದಿದ್ದಾರೆ.

ಇನ್ನೊಂದು ಸಹಾಯ ಬೇಕು. ಈ ಫಾರ್ಸಿ, ದಖನಿ ಪುಸ್ತಕಗಳು ಕನ್ನಡದಲ್ಲಿ ಸಿಗುತ್ತವಾ?

ಮೂಡಲಗಿ ಮಾಸ್ತರ
ನಿಮ್ಮ ಊರಿನಲ್ಲೇ ಸಿಗುತ್ತವೆ ಅಕ್ಕೋರೆ. ಬಿಎಲ್‌ಡಿಇ ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನಾ ಕೇಂದ್ರದವರು ಆದಿಲಶಾಹಿ ಕಾಲದ ಸಾಹಿತ್ಯವನ್ನ ಕನ್ನಡಕ್ಕೆ ಮಾಡಿಸಿ ಸಂಪುಟಗಳಾಗಿ ತಂದಿದ್ದಾರೆ. ಎಂ.ಎಂ. ಕಲಬುರ್ಗಿಯವರು ಮುಂದೆ ನಿಂತು ಮಾಡಿಸಿದ ಕೆಲಸ. ವಚನ ಹುಡುಕಿ ಅಚ್ಚು ಹಾಕಿಸಿದ ಹಳಕಟ್ಟಿಯವರ ಹೆಸರಿನ ಕೇಂದ್ರದಿಂದಲೇ ಸುಲ್ತಾನರ ಕಾಲದ ಪುಸ್ತಕವೂ ಬಂದಿದೆ.

ಬಾಗೇವಾಡಿ ಬಸವ
ಹಳಕಟ್ಟಿಯವರು ಬದುಕಿದ್ದರೆ ಖುಷಿಪಡ್ತಿದ್ದರು.

ಇಂಡಿ ನಿಂಬಿ
ನವರಸಪುರ ಉತ್ಸವ ಅಂತ ಮಾಡ್ತಿದ್ದರಲ್ಲ, ಅದನ್ನ ಪ್ರತಿ ವರ್ಷ ತಪ್ಪದೆ ಮಾಡಲಿ. 1624ರಲ್ಲಿ ಅಹಮದ್‌ನಗರದ ದಂಡನಾಯಕ ಮಲಿಕ್ ಅಂಬರ್ ನವರಸಪುರ ಸುಟ್ಟು ಹೋದ ಮೇಲೆ ಆ ಊರು ಎದ್ದೇ ಇಲ್ಲ. ಉತ್ಸವದ ನೆಪದಲ್ಲಾದರೂ ಸಂಗೀತ ಮಹಲಿಗೆ ದಾರಿ ದೀಪ ಬರಲಿ.

ತಂಬೂರಿ
ಮಾಡಿದರೆ ಕಿತಾಬ್‌ನ ಹಾಡು ಹಾಡಿಸಬೇಕು. ಸಿನಿಮಾ ಹಾಡಿಗೆ ಬೇರೆ ದಿನ ಇದ್ದೇ ಇದೆ.

ಗುಮ್ಮಟದ ಹುಡುಗ
ಆ ರಾಗಗಳನ್ನ ಈಗ ಹಾಡೋರು ಇದ್ದಾರಾ ಅಣ್ಣಾ?

ತಂಬೂರಿ
ಭೂಪಾಲಿ ಇವತ್ತಿಗೂ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಶುರುವಿನಲ್ಲೇ ಹೇಳಿಕೊಡೋ ರಾಗ. ಐದೇ ಸ್ವರ. ನಮ್ಮ ಧಾರವಾಡ, ಗದಗ, ಬೆಳಗಾವಿ ಕಡೆ ಹಾಡುಗಾರರಿಗೆ ಬರ ಇಲ್ಲ. ನಾನೂರು ವರ್ಷದ ಹಿಂದಿನ ಮಟ್ಟು ಹೀಗೇ ಇತ್ತು ಅಂತ ಯಾರೂ ಪ್ರಮಾಣ ಮಾಡಿ ಹೇಳಲು ಬರಲ್ಲ. ಆದರೆ ಸಾಹಿತ್ಯ ಇದೆ, ರಾಗದ ಹೆಸರಿದೆ. ಕೂಡಿಸಿ ಹಾಡಲು ಅಷ್ಟು ಸಾಕು.

ಸಿಂದಗಿ ಶರಣ
ಹಾಡಿಸಿ, ಕೇಳೋಕೆ ನಾನೂ ಬರ್ತೇನೆ. ಬಿರುದಿನ ವಿಷಯದಲ್ಲಿ ಮಾತ್ರ ನನ್ನ ಮಾತು ಮೊದಲಿನದೇ.